ಗೋಡೆ ಬರೆದಾಯಿತು, ಈಗ ಋಣದ ಲೆಕ್ಕ

ಸಾಗರ ಸೀಮೆಯ ನಮ್ಮೂರ ಸಮುದಾಯ ಭವನದ ಜಗಲಿ ಗೋಡೆ ಭೂಮಿ ಹುಣ್ಣಿಮೆಗೆ ಮೊದಲೇ ಮುಗಿಯಿತು. ಹೈಸ್ಕೂಲು, ಪಿಯುಸಿ ಓದುವ ಮಕ್ಕಳು ಸೇರಿ ಬರೆದ ಹಸೆ ಚಿತ್ತಾರ ಅದು, ಅಂದರೆ ನಮ್ಮ ಕಡೆಯ ದೀವರ ಸಮುದಾಯದ ಗೋಡೆಚಿತ್ರ. ಉಸ್ತುವಾರಿ ನೋಡಿಕೊಂಡಿದ್ದಕ್ಕೆ ನನಗೂ ಒಂದಿಷ್ಟು ಹೊಗಳಿಕೆ ಬಂದಿದೆ. ಅದರಲ್ಲಿ ಮುಕ್ಕಾಲು ಪಾಲು ಬೇರೆಯವರದ್ದು. ಅವರಿಗೆ ಒಪ್ಪಿಸಲು ಈ ಬರಹ.

ಮೊದಲು ಕೇರಿಯ ಅಜ್ಜಿಯಂದಿರಿಗೆ, ದೊಡ್ಡಮ್ಮಂದಿರಿಗೆ. ದೀವರ ಮನೆಗಳಲ್ಲಿ ಚಿತ್ತಾರ ಹೆಂಗಸರ ಕೈಕೆಲಸ. ಮದುವೆ ಬಂದರೆ ಹಸೆ ಗೋಡೆ, ಭೂಮಿ ಹುಣ್ಣಿಮೆ ಬಂದರೆ ಗದ್ದೆ ಪೂಜೆಗೆ ಒಯ್ಯುವ ಭೂಮಣ್ಣಿ ಬುಟ್ಟಿ. ಅಂಗಡಿ ಪೇಂಟ್ ಸಾಕಲ್ವಾ ಅಂತ ಕೆಲವು ಹುಡುಗರು ಕೇಳಿದರು. ಅಜ್ಜಿಯೊಬ್ಬರು ಬೈಯಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಸುಮ್ನೆ ಹಂಚು ಕೊಟ್ಟು ಅಕ್ಕಿ ಹುರಿಯಲು ಕೂರಿಸಿದರು. ಅಕ್ಕಿ ಸೀದು ಕರ್ರಗಾದ ಮೇಲೆ ಅರೆದರೆ ಕಪ್ಪು ಬಣ್ಣ. ನೆನೆಸಿದ ಅಕ್ಕಿ ಅರೆದರೆ ಬಿಳಿ. ಹಳದಿಗೆ ಗುರಿಗೆ ಬೀಜ, ನೆಲಕ್ಕೆ ಕೆಮ್ಮಣ್ಣು, ಕುಂಚಕ್ಕೆ ಪುಂಡಿ ನಾರು. ಬಣ್ಣ ತಾವೇ ಮಾಡಿದ ಮೇಲೆ ಆ ಹುಡುಗರು ಪೇಂಟಿನ ಮಾತು ಎತ್ತಲಿಲ್ಲ. ಗಂಡು ಹುಡುಗರು ಚಿತ್ತಾರದ ಎಳೆ (ಗೆರೆ) ಎಳೆಯುವುದನ್ನು ನೋಡಿ ನಕ್ಕವರೂ ಇದ್ದರು. ನಕ್ಕವರ ಮನೆಯ ಹುಡುಗರೇ ಆಮೇಲೆ ಬಂದು ಸೇರಿಕೊಂಡರು!

ಮೇಸ್ತ್ರಿ ಅಣ್ಣನಿಗೆ ದೊಡ್ಡ ಸಲಾಮು. ಸಿಮೆಂಟ್ ಗೋಡೆ ಮೇಲೆ ಕೆಮ್ಮಣ್ಣು ನಿಲ್ಲುತ್ತಿರಲಿಲ್ಲ, ಒಣಗಿದ ಕೂಡಲೇ ಪುಡಿಯಾಗಿ ಉದುರುತ್ತಿತ್ತು. ಅವರು ಮಣ್ಣಿಗೆ ಭತ್ತದ ಹೊಟ್ಟು ಕಲಸಿ, ಕೊಳೆಯಲು ಬಿಟ್ಟು, ಆಮೇಲೆ ಗೋಡೆಗೆ ಮೆತ್ತಿದರು. ಕೂಲಿ ತೆಗೆದುಕೊಳ್ಳಲಿಲ್ಲ. ಒತ್ತಾಯ ಮಾಡಿದಾಗ ಸಿಟ್ಟು ಮಾಡಿಕೊಂಡರು.

ನನಗೆ ಜಾಸ್ತಿ ನೆನಪಿರುವುದು ಕೊಳಗದ ಜಗಳ. 1951ರ ಕಾಗೋಡು ಸತ್ಯಾಗ್ರಹವೂ ಗೋಡೆ ಮೇಲೆ ಬರಲಿ ಅಂತ ಮಕ್ಕಳು ಹಟ ಹಿಡಿದರು. ಭತ್ತ ಅಳೆಯುವ ಕೊಳಗದಿಂದಲೇ ಹೊತ್ತಿಕೊಂಡ ಹೋರಾಟ ಅದು. ಜಮೀನಿನ ಒಡೆಯರು ಗೇಣಿ ಅಳೆದುಕೊಳ್ಳುವಾಗ ದೊಡ್ಡ ಕೊಳಗ ಇಡುತ್ತಿದ್ದರು. ಎಚ್. ಗಣಪತಿಯಪ್ಪ ಗೇಣಿದಾರರನ್ನು ಒಟ್ಟು ಮಾಡಿದರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ಸಮಾಜವಾದಿಗಳ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಗೇಣಿದಾರರಲ್ಲಿ ದೀವರೇ ಹೆಚ್ಚು.

“ಹಸೆ ಅಂದರೆ ಮದುಮಕ್ಕಳು ಕೂರುವ ಜಾಗ, ಅಲ್ಲಿ ಜಗಳ ಬರೀತಾರೇನ್ರೋ?” ಅಂದರು ಒಬ್ಬ ದೊಡ್ಡಮ್ಮ. ಇನ್ನೊಬ್ಬರು ಆ ಕಾಲದಲ್ಲಿ ಸಣ್ಣ ಹುಡುಗಿ, ಅವರ ಅಪ್ಪ ಜೈಲಿಗೆ ಹೋಗಿ ಬಂದವರು. ಅವರು ಮಾತ್ರ ಮಕ್ಕಳ ಪರ. ಸಂಜೆಯಿಂದ ಸಂಜೆಗೆ ಮುಂದುವರಿದ ಮಾತು ಅದು. ಆ ನೆಪದಲ್ಲಿ ಯಾರ ಮನೆಯ ಭತ್ತ ಹೇಗೆ ಹೋಯಿತು, ಯಾರು ಎಲ್ಲಿ ಅಡಗಿದ್ದರು ಅಂತೆಲ್ಲ ಹೊರಬಂತು. ಮಕ್ಕಳು ಮೊಬೈಲ್ ಕೆಳಗಿಟ್ಟು ಕೇಳಿದರು. ನಿಜ ಹೇಳಬೇಕೆಂದರೆ, ಗೋಡೆ ಪೂರ್ತಿ ಆಗದೇ ಹೋಗಿದ್ದರೂ ಆ ಸಂಜೆಗಳಿಗೆ ನಾನು ಋಣಿಯಾಗಿರುತ್ತಿದ್ದೆ.

ಕೊನೆಗೆ ಇಬ್ಬರೂ ಸೇರಿಯೇ ದಾರಿ ಹೇಳಿದರು. ಹಸೆ ಹಸೆಯಾಗಿಯೇ ಇರಲಿ, ಕೊಳಗ ಪಕ್ಕದ ಗೋಡೆಗೆ. ಉರುಟಾದ ಕೊಳಗವನ್ನು ಚಿತ್ತಾರದ ನೇರ ಗೆರೆಗಳಲ್ಲಿ ತರುವುದು ಸುಲಭವಲ್ಲ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅದರ ಮೈ ತುಂಬ ನಿಲಿ ಎಂಬ ಗೆರೆ ವಿನ್ಯಾಸ ಹಾಕಿ ದಾರಿ ಕಂಡುಕೊಂಡಳು. ಬೇಡ ಅಂದಿದ್ದ ದೊಡ್ಡಮ್ಮನೇ ಅಂಚಿನ ಎಳೆ ಎಳೆದುಕೊಟ್ಟರು.

ಏಣಿ ಕೊಟ್ಟವರು, ಚಹಾ ಕಳಿಸಿದ ಮನೆಗಳು, ರಾತ್ರಿ ಲೈಟಿಗೆ ವೈರ್ ಎಳೆದುಕೊಟ್ಟ ತಮ್ಮಂದಿರು, ಪರೀಕ್ಷೆ ಹತ್ತಿರವಿದ್ದರೂ ಮಕ್ಕಳನ್ನು ಕಳಿಸಿದ ಅಪ್ಪ ಅಮ್ಮಂದಿರು, ಎಲ್ಲರಿಗೂ ನಮಸ್ಕಾರ.

ಅಕ್ಕಿಯ ಬಣ್ಣ ಮಲೆನಾಡಿನ ಮಳೆಗಾಲದ ತೇವಕ್ಕೆ ಮಾಸುತ್ತದೆ. ಮುಂದಿನ ವರ್ಷ ದಸರಾ ಹೊತ್ತಿಗೆ ಮತ್ತೆ ಕೆಮ್ಮಣ್ಣು ಬಳಿದು ಹೊಸದಾಗಿ ಬರೆಯೋಣ ಅಂತ ಮಕ್ಕಳು ಈಗಲೇ ತೀರ್ಮಾನ ಮಾಡಿದ್ದಾರೆ. ಗುರಿಗೆ ಕಾಯಿ ಕಣ್ಣಿಗೆ ಬಿದ್ದವರು ಬೀಜ ಒಣಗಿಸಿ ಎತ್ತಿಡಿ. ಪುಂಡಿ ನಾರು ನಮ್ಮ ಪಾಲಿಗಿರಲಿ.