ಬಾಗಿಲು ಹೊರಗೆ ತೆರೆಯಬೇಕು: ನಮ್ಮ ಶಾಲೆಗಾಗಿ ಒಂದು ದೇಣಿಗೆ ಮನವಿ

ಊರಿನ ಹಿರಿಯರಿಗೆ, ಮಕ್ಕಳ ತಂದೆತಾಯಿಯರಿಗೆ, ಬೆಂಗಳೂರು ಸೇರಿಕೊಂಡ ನಮ್ಮ ಹಳೆ ವಿದ್ಯಾರ್ಥಿಗಳಿಗೆ ನಮಸ್ಕಾರ.

ಹೋದ ಜೂನ್‌ನಲ್ಲಿ ನಮ್ಮ ಶಾಲೆಯಲ್ಲಿ ಮೊದಲ ಸಲ ಮಾಕ್ ಡ್ರಿಲ್ ಮಾಡಿದೆವು. ಬೆಂಕಿ ಬಿದ್ದಿದೆ ಅಂದುಕೊಂಡು ಗಂಟೆ ಬಾರಿಸುವುದು, ಮಕ್ಕಳನ್ನು ಸಾಲಾಗಿ ಬಯಲಿಗೆ ಕರೆದುಕೊಂಡು ಬರುವುದು, ಅಷ್ಟೇ. ಪಿ.ಟಿ. ಮೇಷ್ಟ್ರು ಹನ್ನೆರಡೂವರೆಗೆ ಗಂಟೆ ಬಾರಿಸಿದರು. ಮಕ್ಕಳು ಓಡೋಡಿ ಬಂದರು. ಎಲ್ಲರ ಕೈಯಲ್ಲೂ ತಟ್ಟೆ!

ತಪ್ಪು ಮಕ್ಕಳದ್ದಲ್ಲ. ನಮ್ಮಲ್ಲಿರುವುದು ಒಂದೇ ಗಂಟೆ, ಹೊಂಗೆ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡು. ಪ್ರಾರ್ಥನೆಗೂ ಅದೇ, ಊಟಕ್ಕೂ ಅದೇ, ಮನೆಗೆ ಬಿಡುವುದಕ್ಕೂ ಅದೇ. ಇವತ್ತು ಊಟ ಬೇಗ ಕೊಡ್ತಾರೆ ಅಂತ ಅವರು ಖುಷಿಯಲ್ಲಿದ್ದರು. ನಮಗೂ ನಗು ಬಂತು.

ನಗು ನಿಂತದ್ದು ಒಂದನೇ ತರಗತಿ ಹತ್ತಿರ ಹೋದಾಗ. ಆ ಕೋಣೆಯಿಂದ ಯಾರೂ ಹೊರಗೆ ಬಂದಿರಲಿಲ್ಲ. ಮೇಕೆ, ನಾಯಿ ನುಗ್ಗುತ್ತವೆ ಅಂತ ಅಲ್ಲಿ ಬಾಗಿಲು ಮುಚ್ಚಿಕೊಂಡೇ ಪಾಠ ಮಾಡುವುದು ರೂಢಿ. ಬಾಗಿಲು ತೆರೆಯುವುದು ಒಳಮುಖವಾಗಿ. ಇಪ್ಪತ್ತಾರು ಮಕ್ಕಳು ಒಟ್ಟಿಗೆ ಬಾಗಿಲಿಗೆ ಒತ್ತಿಕೊಂಡು ನಿಂತಿದ್ದರು. ಮುಂದೆ ಇದ್ದ ಹುಡುಗಿಗೆ ಅಗುಳಿ ಸಿಕ್ಕಿತ್ತು, ಆದರೆ ಬಾಗಿಲು ಎಳೆಯೋಕೆ ಜಾಗವೇ ಇರಲಿಲ್ಲ. ಮೇಡಂ ಹಿಂದಿನಿಂದ ಒಬ್ಬೊಬ್ಬರನ್ನೇ ತೋಳು ಹಿಡಿದು ಎಳೆದು, ಗೋಡೆ ಕಡೆ ಸರಿಸಿ, ಆಮೇಲೆ ಬಾಗಿಲು ತೆರೆದರು. ಅದು ಸುಮ್ನೆ ಮಾಡಿದ ಅಭ್ಯಾಸ. ಹೊಗೆ ಇರಲಿಲ್ಲ, ಕಿರುಚಾಟ ಇರಲಿಲ್ಲ. ಆದರೂ ಆ ಹುಡುಗಿ ಅಳುತ್ತಾ ಹೊರಗೆ ಬಂದಳು.

ಹಿಂದಿನ ಗೇಟಿಗೆ ಬೀಗ. ಕೀಲಿ ಇಟ್ಟುಕೊಂಡವರು ಬ್ಯಾಂಕಿಗೆ ಹೋಗಿದ್ದರು. ಕೊನೆಗೆ ಎಲ್ಲರೂ ಬಯಲಿಗೆ ಸೇರಿ, ಹಾಜರಿ ಪುಸ್ತಕ ಹಿಡಿದು ಎಣಿಸಿ ಮುಗಿಸಿದಾಗ ಎಚ್.ಎಂ. ಮೇಡಂ ಫೋನಿನಲ್ಲಿ ಆರು ನಿಮಿಷ ನಲವತ್ತು ಸೆಕೆಂಡು ಆಗಿತ್ತು. ಏಳು ಕೋಣೆ, ನೂರಾ ಅರವತ್ತಮೂರು ಮಕ್ಕಳು, ಮಹಡಿಯೇ ಇಲ್ಲದ ಶಾಲೆ! ಇದರ ಮೇಲೆ ಇನ್ನೊಂದು. ನೆರಳಿದೆ ಅಂತ ನಾವು ಮಕ್ಕಳನ್ನು ಸೇರಿಸಿದ್ದು ನೀರಿನ ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ. ಡ್ರಿಲ್ ನೋಡಲು ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ತಲೆ ಮೇಲೆತ್ತಿ ಟ್ಯಾಂಕ್ ನೋಡಿ, "ಭೂಮಿ ಅಲುಗಾಡಿದರೆ ಇದೇ ಮೊದಲು ಬೀಳೋದು ಅಲ್ವಾ?" ಅಂದರು.

ನಮ್ಮ ಕಡೆ ಭೂಮಿ ಎಲ್ಲಿ ಅಲುಗಾಡುತ್ತೆ ಅನ್ನಬೇಡಿ. 2021ರ ನವೆಂಬರ್ ಮಳೆ ನೆನಪಿದೆಯಲ್ಲ, ವರ್ಷಗಟ್ಟಲೆ ಬತ್ತಿದ್ದ ಕೆರೆಗಳೆಲ್ಲ ಕೋಡಿ ಬಿದ್ದದ್ದು? ಅದಾದ ಮೇಲೆ ಡಿಸೆಂಬರ್ 22ರ ಬೆಳಿಗ್ಗೆ ಏಳು ಗಂಟೆ ದಾಟಿದ ಹೊತ್ತಿಗೆ, ನಿಮಿಷಗಳ ಅಂತರದಲ್ಲಿ, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಎರಡು ಸಲ ನೆಲ ನಡುಗಿತು. ತೀವ್ರತೆ ಮೂರರ ಆಸುಪಾಸು, ಅಂದರೆ ಸಣ್ಣದೇ. ಸದ್ದು ಕೇಳಿ ನಾವು ಕ್ವಾರಿಯಲ್ಲಿ ಬ್ಲಾಸ್ಟ್ ಮಾಡಿದರು ಅಂದುಕೊಂಡೆವು. ಜಾಸ್ತಿ ಮಳೆಯಾದಾಗ ನೀರು ಬಂಡೆಯ ಬಿರುಕಿಗೆ ಇಳಿದು ಇಂಥ ಸಣ್ಣ ಕಂಪನ ಆಗುವುದುಂಟು ಅಂತ ಆಮೇಲೆ ತಿಳಿಯಿತು. ಮಕ್ಕಳು ಇನ್ನೂ ಶಾಲೆಗೆ ಬಂದಿರಲಿಲ್ಲ. ಹಳೆ ಚಪ್ಪಡಿ ಕೋಣೆಗಳನ್ನು ನಾವು ಅನುಮಾನದಿಂದ ನೋಡಲು ಶುರು ಮಾಡಿದ್ದು ಆವತ್ತಿನಿಂದ. ಈಗ ಆ ಎರಡು ಕೋಣೆಗಳಲ್ಲಿ ಪಾಠ ನಿಲ್ಲಿಸಿದ್ದೇವೆ.

ಹೊರಗೆ ಓಡಿದ ಮಾತ್ರಕ್ಕೆ ಬಚಾವಾಗುವುದಿಲ್ಲ ಅನ್ನುವುದಕ್ಕೆ ಗುಜರಾತಿನ ಅಂಜಾರ್ ಸಾಕ್ಷಿ. 2001ರ ಜನವರಿ 26, ಗಣರಾಜ್ಯೋತ್ಸವದ ದಿನ. ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳು ಇಕ್ಕಟ್ಟಾದ ಬೀದಿಯಲ್ಲಿದ್ದಾಗ ಭೂಕಂಪ ಆಯಿತು. ಎರಡೂ ಕಡೆಯ ಮನೆಗಳು ಅವರ ಮೇಲೆ ಕುಸಿದವು. ಅದಕ್ಕೇ ಮಕ್ಕಳು ಸೇರುವ ಜಾಗದ ಹತ್ತಿರ ಗೋಡೆ, ಟ್ಯಾಂಕು, ಕರೆಂಟ್ ತಂತಿ ಯಾವುದೂ ಇರಬಾರದು. ಈಗ ನಮ್ಮ ಜಾಗ ಖೋ ಖೋ ಅಂಕಣದ ನಡುವೆ. ಸುಣ್ಣದಲ್ಲಿ ದೊಡ್ಡ ವೃತ್ತ ಬರೆದಿದ್ದೇವೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಮಿಕ್ಕಿದ್ದಕ್ಕೆ ಆಗುತ್ತದೆ.

ನಮಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ಬೆಂಕಿಯದ್ದು. ತಮಿಳುನಾಡಿನ ಕುಂಭಕೋಣಂನಲ್ಲಿ 2004ರ ಜುಲೈ 16ರಂದು ಶಾಲೆಯ ಅಡುಗೆಯ ಬೆಂಕಿ ಗರಿಯ ಚಾವಣಿಗೆ ಹತ್ತಿಕೊಂಡು 94 ಮಕ್ಕಳು ತೀರಿಕೊಂಡರು. ಕೆಳಗಿಳಿಯಲು ಇದ್ದದ್ದು ಕಿರಿದಾದ ಮೆಟ್ಟಿಲು. ಅದೇ ದುರಂತದ ಹಿನ್ನೆಲೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ, ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನ ಇರಬೇಕು, ಅದನ್ನು ಬಳಸಲು ಶಿಕ್ಷಕರಿಗೆ ಬರಬೇಕು ಅಂತ ಹೇಳಿತು.

ಬೆಂಕಿ ಆರಿಸುವ ಸಿಲಿಂಡರ್ ನಮ್ಮಲ್ಲೂ ಒಂದು ಇದೆ. ಕಚೇರಿಯ ಬೀರುವಿನ ಹಿಂದೆ ಇತ್ತು. ಹೊರಗೆ ತೆಗೆದು ಧೂಳು ಒರೆಸಿ ನೋಡಿದರೆ ಗೇಜಿನ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಬಂದು ಮಲಗಿತ್ತು. ಪೌಡರ್ ಇದ್ದರೂ ಒತ್ತಡ ಇಲ್ಲದಿದ್ದರೆ ಅದು ಬರೀ ಕೆಂಪು ಡಬ್ಬಿ. ಆರು ಕೆ.ಜಿ.ಯ ಹೊಸ ಸಿಲಿಂಡರ್ ಕೂಡ ಒತ್ತಿ ಹಿಡಿದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಖಾಲಿ. ಹಾಗಾಗಿ ಮೊದಲ ಸಲಕ್ಕೇ ಸರಿಯಾಗಿ ಹಿಡಿಯಬೇಕು. ಪಿನ್ನು ಎಳೆಯಬೇಕು, ಮೂತಿಯನ್ನು ಜ್ವಾಲೆಗಲ್ಲ, ಬೆಂಕಿಯ ಬುಡಕ್ಕೆ ಹಿಡಿಯಬೇಕು, ಒತ್ತಬೇಕು, ಕಸ ಗುಡಿಸಿದ ಹಾಗೆ ಆ ಕಡೆ ಈ ಕಡೆ ಆಡಿಸಬೇಕು. ಇದನ್ನು ಎಲ್ಲರಿಗಿಂತ ಬೇಗ ಕಲಿತದ್ದು ನಮ್ಮ ಬಿಸಿಯೂಟದ ಅಡುಗೆ ಅಕ್ಕ. "ಕಸ ಗುಡಿಸೋದು ನನಗೆ ಹೇಳಿಕೊಡಬೇಕಾ?" ಅಂತ ಕೇಳಿದರು.

ಅವರ ಅಡುಗೆ ಕೋಣೆಯ ವಿಷಯವನ್ನೂ ಹೇಳಬೇಕು. ಗ್ಯಾಸ್ ಸಿಲಿಂಡರುಗಳು ಈಗ ಒಲೆಯ ಪಕ್ಕದಲ್ಲೇ, ನೆಲಕ್ಕಿಂತ ಒಂದು ಮೆಟ್ಟಿಲು ತಗ್ಗಿನಲ್ಲಿವೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಮೇಲಿನ ಕಿಟಕಿ ತೆಗೆದಿಟ್ಟರೂ ಪ್ರಯೋಜನ ಕಡಿಮೆ. ಸಿಲಿಂಡರುಗಳನ್ನು ಹೊರಗೆ ಗೋಡೆ ಪಕ್ಕ ಜಾಲರಿ ಗೂಡಿನಲ್ಲಿಟ್ಟು, ಪೈಪಿನಲ್ಲಿ ಒಳಗೆ ತರಬೇಕು. ಗೋಡೆಯಲ್ಲಿ ನೆಲದ ಮಟ್ಟಕ್ಕೆ ಗಾಳಿಕಿಂಡಿ ಬಿಡಬೇಕು.

ಹಾವಿನ ಮಾತು ಬೇರೆ ಹೇಳಬೇಕಿಲ್ಲ, ಸುತ್ತಲೂ ರಾಗಿ ಹೊಲ, ದ್ರಾಕ್ಷಿ ತೋಟ. 2019ರ ನವೆಂಬರ್‌ನಲ್ಲಿ ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯೊಳಗಿನ ಬಿಲದಿಂದ ಹಾವು ಕಚ್ಚಿ ಐದನೇ ತರಗತಿಯ ಹುಡುಗಿ ಸತ್ತುಹೋದಳು. ಆಸ್ಪತ್ರೆಗೆ ಒಯ್ಯಲು ತಡವಾಯಿತು ಅಂತ ಅವಳ ಗೆಳತಿಯರೇ ಹೇಳಿದರು. ನಮ್ಮ ನಾಲ್ಕನೇ ತರಗತಿಯ ಮೂಲೆಯಲ್ಲೂ ಕೈ ಹೋಗುವಷ್ಟು ದೊಡ್ಡ ತೂತು ಇದೆ. ಈಗ ಜಲ್ಲಿ ತುಂಬಿ ಮುಚ್ಚಿದ್ದೇವೆ, ಆದರೆ ಅದು ತಾತ್ಕಾಲಿಕ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕುಯ್ಯಬಾರದು, ಬಾಯಿಂದ ಹೀರಬಾರದು, ನಾಟಿ ಮದ್ದಿಗೆ ಕಾಯಬಾರದು, ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು ಅಂತ ಗೋಡೆ ಮೇಲೆ ಬರೆಸಿದ್ದೇವೆ. ಪಕ್ಕದಲ್ಲೇ 108, 112 ಮತ್ತು 101, ಅಂಕೆಗಳು ಮಕ್ಕಳ ಎತ್ತರದಲ್ಲಿ.

ಈಗ ಲೆಕ್ಕ. ಏಳೂ ಕೋಣೆಯ ಬಾಗಿಲು ಕಳಚಿ ಹೊರಕ್ಕೆ ತೆರೆಯುವಂತೆ ಕೂರಿಸಲು, ಪ್ರತಿ ಕೋಣೆಯ ಒಂದು ಕಿಟಕಿಯ ಸರಳು ತೆಗೆದು ಒಳಗಿನಿಂದ ಚಿಲಕ ತೆಗೆಯಬಹುದಾದ ಗ್ರಿಲ್ ಹಾಕಲು ನಮ್ಮೂರಿನ ವೆಲ್ಡಿಂಗ್ ಅಂಗಡಿಯವರೂ ಬಡಗಿಯೂ ಸೇರಿ ಕೊಟ್ಟ ಅಂದಾಜು 71,000 ರೂಪಾಯಿ. ಹಳೆ ವೈರಿಂಗ್ ಪೂರ್ತಿ ಬದಲಿಸಿ ಅರ್ತಿಂಗ್ ಮಾಡಿಸಿ, ಶಾಕ್ ಹೊಡೆದರೆ ತಾನಾಗಿ ಕರೆಂಟ್ ಕಡಿಯುವ ಸ್ವಿಚ್ ಹಾಕಲು 64,000. ಗ್ಯಾಸಿನ ಕೆಲಸಕ್ಕೆ 38,000. ನೆಲದ ತೂತು, ಒಡೆದ ಜಗಲಿಗೆ 29,000. ಬೆಂಕಿ ಆರಿಸುವ ಸಿಲಿಂಡರ್ ಆರು, 17,400. ಬ್ಯಾಟರಿ ಸೈರನ್, ಸ್ಟ್ರೆಚರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಟಾರ್ಚು ಎಲ್ಲ ಸೇರಿ 11,600. ಒಟ್ಟು 2,31,000. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೂ ಶಿಕ್ಷಕರೂ ಸೇರಿ 83,000 ಹಾಕಿದ್ದೇವೆ. ಬೇಕಾಗಿರುವುದು 1,48,000. ಚಪ್ಪಡಿ ಕೋಣೆಗಳ ಮಾತು ಇದರಲ್ಲಿ ಸೇರಿಲ್ಲ. ಅದು ಇಲಾಖೆಯ ಕೆಲಸ, ಅದಕ್ಕೆ ಬೇರೆ ಪತ್ರ ಬರೆದಿದ್ದೇವೆ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇವೆ. ನಮ್ಮ ಶಾಲೆಗೆ ದಾನಿಗಳು ಕಡಿಮೆ ಇಲ್ಲ. ಗೇಟಿಗೆ ಕಮಾನು ಬಂತು, ಸ್ಟೇಜ್ ಬಂತು, ಫ್ಯಾನುಗಳು ಬಂದವು. ಫ್ಯಾನಿನ ರೆಕ್ಕೆಯ ಮೇಲೆ ಕೊಟ್ಟವರ ಹೆಸರಿದೆ, ಕರೆಂಟ್ ಹೋದಾಗ ಆರಾಮಾಗಿ ಓದಬಹುದು. ಅವರಿಗೆಲ್ಲ ನಾವು ಋಣಿ. ಆದರೆ ಬಾಗಿಲ ತಿರುಗಣಿ, ಅರ್ತಿಂಗ್ ತಂತಿ, ನೆಲದ ಕಾಂಕ್ರೀಟು, ಇವುಗಳ ಮೇಲೆ ಹೆಸರು ಬರೆಯೋಕೆ ಜಾಗ ಇಲ್ಲ. ಫೋಟೋ ತೆಗೆದರೂ ಚೆನ್ನಾಗಿ ಬರುವುದಿಲ್ಲ. ಇಷ್ಟು ವರ್ಷ ಇವನ್ನು ಯಾರೂ ಕೊಡದೇ ಇದ್ದದ್ದಕ್ಕೆ ಅದೂ ಒಂದು ಕಾರಣ ಇರಬಹುದು. ನಾವು ಕೇಳಿರಲಿಲ್ಲ ಅನ್ನುವುದು ಇನ್ನೊಂದು.

ಹಣವೇ ಆಗಬೇಕು ಅಂತಿಲ್ಲ. ವೈರಿಂಗ್, ಗಾರೆ, ಮರಗೆಲಸ ಬಲ್ಲವರು ಎರಡು ಭಾನುವಾರ ಬಂದರೆ ಅಷ್ಟು ಕೂಲಿ ಉಳಿಯುತ್ತದೆ. ಗಾಡಿ ಇರುವವರು ಹೆಸರು, ನಂಬರ್ ಕೊಟ್ಟಿರಿ. ಆಂಬುಲೆನ್ಸ್ ಬರುವುದು ತಡವಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಕಚೇರಿಯಲ್ಲಿ ಒಂದು ಪಟ್ಟಿ ಮಾಡುತ್ತಿದ್ದೇವೆ. ನರ್ಸ್ ಕೆಲಸದಲ್ಲಿರುವ ನಮ್ಮ ಹಳೆ ವಿದ್ಯಾರ್ಥಿನಿಯರು ಒಂದು ಮಧ್ಯಾಹ್ನ ಬಂದು ಏಳನೇ ತರಗತಿಯವರಿಗೆ ಪಟ್ಟಿ ಕಟ್ಟುವುದು ಕಲಿಸಿಕೊಡಿ. ಅಗ್ನಿಶಾಮಕ ಸೇವಾ ಸಪ್ತಾಹ ಬರುವುದು ಏಪ್ರಿಲ್ 14ರಿಂದ 20ರವರೆಗೆ, ಆಗ ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯಲ್ಲಿರುತ್ತಾರೆ! ಹಾಗಾಗಿ ಬೆಂಕಿಯ ತರಬೇತಿಯನ್ನು ನಾವು ಜೂನ್‌ಗೆ ಇಟ್ಟುಕೊಂಡಿದ್ದೇವೆ.

ದುಡ್ಡು ಕೊಡುವವರು ಎಸ್‌ಡಿಎಂಸಿ ಜಂಟಿ ಖಾತೆಗೆ ಹಾಕಿ. ಖಾತೆಯ ವಿವರ ಶಾಲೆಯ ನೋಟೀಸ್ ಬೋರ್ಡಿನಲ್ಲಿದೆ, ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲೂ ಇದೆ. ಬೇರೆ ಯಾವ ನಂಬರಿಗೂ ಕಳಿಸಬೇಡಿ. ಕೈಯಲ್ಲಿ ಕೊಡುವುದಾದರೆ ಕಚೇರಿಗೇ ಬಂದು, ರಸೀದಿ ಕೇಳಿ ಪಡೆಯಿರಿ. ನೂರು ರೂಪಾಯಿಗೂ ರಸೀದಿ ಇದೆ. ತೆರಿಗೆ ವಿನಾಯಿತಿ ಮಾತ್ರ ಸಿಗುವುದಿಲ್ಲ, ಮೊದಲೇ ಹೇಳಿರುತ್ತೇವೆ. ಬಿಲ್ಲುಗಳನ್ನು ಪ್ರತಿ ತಿಂಗಳ ಕೊನೆಯಲ್ಲಿ ಬೋರ್ಡಿಗೆ ಅಂಟಿಸುತ್ತೇವೆ.

ಒಂದನೇ ತರಗತಿಯ ಬಾಗಿಲನ್ನು ಮೊದಲು ಬದಲಿಸುತ್ತೇವೆ. ಅದಾದ ಮೇಲಿನ ಶನಿವಾರ ಬೆಳಗಿನ ಶಾಲೆಯಲ್ಲಿ ಇನ್ನೊಂದು ಡ್ರಿಲ್ ಇದೆ. ಬಿಡುವಿದ್ದವರು ಬಂದು ಖೋ ಖೋ ಅಂಕಣದ ಹತ್ತಿರ ನಿಂತು ಸಮಯ ಗುರುತು ಹಾಕಿಕೊಡಿ.

ಇಂತಿ,
ಎಸ್‌ಡಿಎಂಸಿ ಸದಸ್ಯರು, ಶಿಕ್ಷಕರು ಮತ್ತು ಹಳೆ ವಿದ್ಯಾರ್ಥಿಗಳು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಚಿಕ್ಕಬಳ್ಳಾಪುರ ತಾಲೂಕು