ಆ ಲ್ಯಾಪ್‌ಟಾಪ್ ಎಸೆಯಬೇಡಿ, ಅಪ್ಪ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗನ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ನೀವು, “ಇದನ್ನು ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಇನ್ನೂ ಸುತ್ತುತ್ತಲೇ ಇರುತ್ತದೆ, ಹೊಸದು ತಂದುಬಿಡುತ್ತೇನೆ” ಎಂದಿರಿ. ಫೋನಿನಲ್ಲಿ ಉತ್ತರ ಹೇಳಿದರೆ ಅರ್ಧ ಕೇಳಿಸಿಕೊಂಡು ಸ್ಕ್ರೂಡ್ರೈವರ್ ಹಿಡಿದು ಕೂರುತ್ತೀರಿ. ಅದಕ್ಕೇ ಈ ಪತ್ರ.

ನಿಮ್ಮ ಲ್ಯಾಪ್‌ಟಾಪ್, ನನ್ನ ಲ್ಯಾಪ್‌ಟಾಪ್ ಎರಡೂ 2014ರಲ್ಲಿ ಒಂದೇ ದಿನ ಕೊಂಡ ಜೋಡಿ. ನಿಮ್ಮದಕ್ಕೆ ಬಂದಿರುವ ಕಾಯಿಲೆಯೇ ನನ್ನದಕ್ಕೂ ಬಂದಿತ್ತು. ಹೋದ ತಿಂಗಳು ಅದನ್ನು ಬಿಚ್ಚಿದೆ. ಈಗ ಆನ್ ಮಾಡಿದರೆ ಇಪ್ಪತ್ತು ಸೆಕೆಂಡಿನಲ್ಲಿ ಕೆಲಸಕ್ಕೆ ಸಿದ್ಧ. ಇಷ್ಟು ವರ್ಷ ನಾನು ಬೈದದ್ದು ಪ್ರೊಸೆಸರನ್ನು. ತಪ್ಪಿದ್ದದ್ದು ಹಾರ್ಡ್ ಡಿಸ್ಕಿನಲ್ಲಿ.

ನೀವೇ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಆನ್ ಆದ ಹೊಸದರಲ್ಲಿ ಅಲ್ಲಿ ಡಿಸ್ಕ್ ಎಂಬ ಕಡೆ ನೂರು ಪ್ರತಿಶತ ಕಾಣಿಸುತ್ತದೆ, ಪ್ರೊಸೆಸರ್ ಮಾತ್ರ ಅದರ ದಾರಿ ಕಾಯುತ್ತಾ ಸುಮ್ಮನೆ ಕೂತಿರುತ್ತದೆ. ನಮ್ಮ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುವಂಥದ್ದು, ಎಂದರೆ ಒಂದು ಸುತ್ತಿಗೆ ಹನ್ನೊಂದು ಮಿಲಿಸೆಕೆಂಡ್. ಬೇಕಾದ ಕಡತ ಮುಳ್ಳಿನ ಕೆಳಗೆ ಬರುವವರೆಗೆ ಕಾಯಲೇಬೇಕು, ನಿಮ್ಮ ಹಳೆಯ ಗ್ರಾಮಫೋನಿನ ಹಾಗೆ. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಕಡತಗಳನ್ನು ಹುಡುಕುತ್ತದೆ. ಆ ಡಿಸ್ಕಿಗೆ ಸೆಕೆಂಡಿಗೆ ನೂರು ಹುಡುಕಾಟವೂ ಕಷ್ಟ. ಅದರ ಬದಲು ನಾನು ಹಾಕಿದ್ದು ಎಸ್‌ಎಸ್‌ಡಿ, ಎಂದರೆ ಕಡತಗಳನ್ನು ಚಿಪ್‌ಗಳಲ್ಲಿ ಇಡುವ ಡಿಸ್ಕ್. ಅದರಲ್ಲಿ ತಿರುಗುವುದೇ ಏನೂ ಇಲ್ಲ.

ನಮ್ಮ ಯಂತ್ರಕ್ಕೆ ಬೇಕಾದದ್ದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ಎಂದರೆ ಹಳೆಯ ಡಿಸ್ಕಿನ ಜೋಡಣೆಗೇ ಕೂರುವಂಥದ್ದು. ಅಂಗಡಿಯವರು ಎನ್‌ವಿಎಂಇ ಎಂಬ ಉದ್ದನೆಯ ಪಟ್ಟಿಯನ್ನು ತೋರಿಸಿ ಅದು ಇನ್ನೂ ವೇಗ ಎನ್ನಬಹುದು. ನಿಜವೇ, ಆದರೆ ನಮ್ಮದರಲ್ಲಿ ಅದಕ್ಕೆ ಜಾಗವಿಲ್ಲ. ಹೊಸ ಎಸ್‌ಎಸ್‌ಡಿಯ ದಪ್ಪ 7 ಮಿಲಿಮೀಟರ್, ನಮ್ಮ ಹಳೆಯ ಡಿಸ್ಕಿನದು 9.5. ಸಂದಿಯಲ್ಲಿ ಅಲುಗಾಡದಂತೆ ಕೂರಿಸಲು ಒಂದು ತೆಳುವಾದ ಪ್ಲಾಸ್ಟಿಕ್ ಚೌಕಟ್ಟು ಹಾಕಿದೆ.

ಬಿಚ್ಚುವ ಮೊದಲು ಯುಎಸ್‌ಬಿ ಕೇಬಲ್ಲಿನಿಂದ ಎಸ್‌ಎಸ್‌ಡಿಯನ್ನು ಹೊರಗಿನಿಂದಲೇ ಜೋಡಿಸಿ, ಹಳೆಯ ಡಿಸ್ಕನ್ನು ಇದ್ದ ಹಾಗೇ ಅದಕ್ಕೆ ನಕಲು ಮಾಡಿಕೊಂಡೆ. ರಾತ್ರಿ ಹಚ್ಚಿಟ್ಟು ಮಲಗಿದ್ದೆ, ಬೆಳಿಗ್ಗೆ ಮುಗಿದಿತ್ತು. ಅಮ್ಮನ ಫೋಟೋಗಳೆಲ್ಲ ನಿಮ್ಮ ಡಿಸ್ಕಿನಲ್ಲೇ ಇರುವುದರಿಂದ ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ.

ಇನ್ನು ನನ್ನ ಪೆದ್ದುತನ. ರೇಡಿಯೊ ಬಿಚ್ಚುವಾಗ ನೀವು ಕಾಗದದ ಮೇಲೆ ಅದರ ಆಕಾರ ಬರೆದು, ಒಂದೊಂದು ಸ್ಕ್ರೂವನ್ನೂ ಅದರದರ ಜಾಗದಲ್ಲೇ ಇಡುತ್ತಿದ್ದಿರಿ. ನಾನು ಎಲ್ಲವನ್ನೂ ಒಂದೇ ಬಟ್ಟಲಿಗೆ ಸುರಿದೆ. ಹದಿಮೂರು ಸ್ಕ್ರೂಗಳಲ್ಲಿ ಮೂರು ಮಾತ್ರ ಚಿಕ್ಕವು ಎಂದು ಗೊತ್ತಾದದ್ದು, ಉದ್ದನೆಯದೊಂದು ಕೈ ಊರುವ ಜಾಗದಲ್ಲಿ ಒಳಗಿನಿಂದ ಗುಬುಟು ಎಬ್ಬಿಸಿದ ಮೇಲೆ. ಆ ಗುಬುಟು ಈಗಲೂ ಇದೆ, ಪ್ರತಿದಿನ ಮಣಿಕಟ್ಟಿಗೆ ತಾಗುತ್ತದೆ. ಮುಚ್ಚಿದ ಮೇಲೆ ಕೀಬೋರ್ಡ್ ಕೂಡ ಮೂಕವಾಯಿತು. ಅದರ ರಿಬ್ಬನ್ ಕೇಬಲ್ಲಿಗೊಂದು ಪುಟ್ಟ ಚಿಲಕವಿದೆ. ಅದನ್ನು ಎತ್ತಿ, ಕೇಬಲ್ ಸೇರಿಸಿ, ಮತ್ತೆ ಒತ್ತಬೇಕು. ನಾನು ಬರೀ ಕೇಬಲ್ ತುರುಕಿದ್ದೆ. ಮತ್ತೆ ಹದಿಮೂರು ಸ್ಕ್ರೂ.

ರ‍್ಯಾಮ್‌ನಲ್ಲೂ ಒಮ್ಮೆ ಎಡವಿದೆ. ಅದು ತೆರೆದಿಟ್ಟ ಕೆಲಸಗಳನ್ನು ಆ ಹೊತ್ತಿಗೆ ಹಿಡಿದಿಡುವ ಮೆಮೊರಿ. ಮೊದಲು ಡಿಡಿಆರ್4 ಎಂಬ ಮುಂದಿನ ತಲೆಮಾರಿನದನ್ನು ತಂದಿದ್ದೆ. ಅದರ ಕಚ್ಚು ಬೇರೆ ಕಡೆ ಇರುವುದರಿಂದ ಸೀಟಿಗೆ ಇಳಿಯಲೇ ಇಲ್ಲ. ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್, 204 ಪಿನ್ನಿನದು. ಖಾಲಿ ಸೀಟಿಗೆ ಇನ್ನೊಂದು 4 ಜಿಬಿ ಹಾಕಿ ಒಟ್ಟು 8 ಮಾಡಿದೆ. ಬ್ರೌಸರಿನಲ್ಲಿ ಹತ್ತು ಪುಟ ತೆರೆದಿಡುವ ನಿಮ್ಮ ಅಭ್ಯಾಸಕ್ಕೆ ಇದು ಬೇಕೇ ಬೇಕು. ಆದರೆ ಎರಡರಲ್ಲಿ ಒಂದೇ ಎಂದರೆ ನಾನು ಎಸ್‌ಎಸ್‌ಡಿಯನ್ನೇ ಆರಿಸುತ್ತೇನೆ.

ಪ್ರೊಸೆಸರ್ ಬದಲಿಸುವ ಮಾತು ಬಿಡಿ, ಅದನ್ನು ಬೋರ್ಡಿಗೇ ಬೆಸೆದಿದ್ದಾರೆ. ವಿಂಡೋಸ್ ವಿಷಯದಲ್ಲಿ ಮಾತ್ರ ಬೇರೆ ದಾರಿಯಿಲ್ಲ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲಿನ ಎಂಟನೆಯ ತಲೆಮಾರು ಬೇಕೆನ್ನುತ್ತದೆ, ನಮ್ಮದು ನಾಲ್ಕನೆಯದು. ಹಾಗಾಗಿ ನನ್ನದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡಿದ್ದೇನೆ. ನೀವು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡುವ ಕೀಲಿಮಣೆ ವಿನ್ಯಾಸ ಅದರಲ್ಲೂ ಸಿಗುತ್ತದೆ, ಆ ಚಿಂತೆ ಬೇಡ.

ನೀವು ಈಗ ಮಾಡಬೇಕಾದದ್ದು ಇಷ್ಟೇ: ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿ, ಅದು ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಕೆಳಗಿನ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಹಾಗಿದ್ದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ನನಗೆ ತಕ್ಷಣ ತಿಳಿಸಿ. ಸಮನಾಗಿದ್ದರೆ ಹಿಂಬದಿಯ ಸ್ಕ್ರೂಗಳನ್ನು ಎಣಿಸಿ, ಕಾಗದದ ಮೇಲೆ ಅವುಗಳ ನಕ್ಷೆ ಬರೆದಿಡಿ. ಬಿಚ್ಚುವುದು ನಾನು ಬಂದ ಮೇಲೆ. ಎಸ್‌ಎಸ್‌ಡಿ, ರ‍್ಯಾಮ್ ಎರಡನ್ನೂ ನಾನೇ ತರುತ್ತೇನೆ.

ಅಮ್ಮನಿಗೆ ನಮಸ್ಕಾರ ತಿಳಿಸಿ. ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟು ಇಡಿಸಿ.

ಇಂತಿ ನಿಮ್ಮ ಮಗ