ಅದು ಕೀಬೋರ್ಡ್ ಅಲ್ಲ, ಗಂಟಲು

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಎಪ್ಪತ್ತರ ದಶಕದ ಇಂಗ್ಲಿಷ್ ಹಾಡುಗಳ ಬಗ್ಗೆ ಬಂದ ಲೇಖನ ಓದಿದೆ. ಟೆನ್ ಸಿಸಿ ತಂಡದ ‘ಐ ಆಮ್ ನಾಟ್ ಇನ್ ಲವ್’ಗೆ ಸಿಕ್ಕಿದ್ದು ಒಂದೇ ಸಾಲು: ಸಿಂಥಸೈಜರ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಮೇಲೆ ಕಟ್ಟಿದ ವಿರಹಗೀತೆ. ನಾನು ಆರ್ಕೆಸ್ಟ್ರಾಗಳಿಗೆ ವರ್ಷಗಟ್ಟಲೆ ಸೌಂಡ್ ಮಿಕ್ಸರ್ ಹಿಡಿದವನು. ಇದನ್ನು ಓದಿ ಸುಮ್ನಿರೋಕೆ ಆಗಲಿಲ್ಲ.

ಹಾಡಿನಲ್ಲಿ ಮೂಗ್ ಕಂಪನಿಯ ಸಿಂಥಸೈಜರ್ ಇದೆ, ನಿಜ. ಆದರೆ ಅದು ಎದೆ ಬಡಿತದಂಥ ಆ ಡ್ರಮ್ ಸದ್ದಿಗೆ. ಹಿಂದೆ ತೇಲುವ ‘ಆ…’ ಮಾತ್ರ ಮನುಷ್ಯರ ದನಿ. 1975ರಲ್ಲಿ, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಊರಿನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ತಂಡದ ಗೌಲ್ಡ್‌ಮನ್, ಗಾಡ್ಲಿ, ಕ್ರೀಮ್ ಮೂವರೂ ಮೈಕ್ ಮುಂದೆ ನಿಂತು ಒಂದೇ ಸ್ವರವನ್ನು 16 ಸಲ ಹಾಡಿದರು. ಅಲ್ಲಿಗೆ ಒಂದು ಸ್ವರಕ್ಕೆ 48 ದನಿ. ಹೀಗೆ ಸಪ್ತಕದ ಒಂದೊಂದು ಸ್ವರಕ್ಕೂ! ಇದಕ್ಕೇ ಮೂರು ವಾರ ಹಿಡಿಯಿತು.

ಆಮೇಲೆ ಒಂದೊಂದು ಸ್ವರದ ಟೇಪನ್ನೂ ತುದಿಗೆ ತುದಿ ಅಂಟಿಸಿ ಬಳೆ ಮಾಡಿದರು. ಅದು ಎಷ್ಟು ಉದ್ದ ಅಂದರೆ, ಮೆಷಿನ್‌ನಿಂದಾಚೆ ಮೈಕ್ ಸ್ಟ್ಯಾಂಡ್ ಸುತ್ತಿ ವಾಪಸ್ ಬರಬೇಕಿತ್ತು. ಸ್ವರಗಳೆಲ್ಲ ಒಟ್ಟಿಗೆ ಓಡುತ್ತಿರುವಾಗ, ಬೇಕಾದವುಗಳ ಫೇಡರ್ (ಮಿಕ್ಸರಿನಲ್ಲಿ ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಮೇಲೆತ್ತುವುದು, ಬೇಡವಾದವನ್ನು ಇಳಿಸುವುದು. ಮಿಕ್ಸರನ್ನೇ ವಾದ್ಯದ ಥರ ನುಡಿಸಿದ್ದಾರೆ. ಫೇಡರ್ ಪೂರ್ತಿ ಕೆಳಗಿಳಿಯದಂತೆ ಅಂಟುಪಟ್ಟಿ ಬೇರೆ ಅಂಟಿಸಿದ್ದರು. ಅದಕ್ಕೇ ಎಲ್ಲಾ ಸ್ವರಗಳೂ ಸಣ್ಣಗೆ ಗುನುಗುತ್ತಲೇ ಇರುತ್ತವೆ. ಹೆಡ್‌ಫೋನ್ ಹಾಕಿ ಕೇಳಿ.

ಇನ್ನು ವಿರಹ. ಹಾಡು ಬರೆದವರಲ್ಲಿ ಒಬ್ಬರಾದ ಎರಿಕ್ ಸ್ಟೀವರ್ಟ್‌ಗೆ ಹೆಂಡತಿಯ ದೂರು: ನೀವು ‘ಐ ಲವ್ ಯೂ’ ಅನ್ನುವುದೇ ಕಡಿಮೆ. ದಿನಾ ಅಂದರೆ ಬೆಲೆ ಹೋಗುತ್ತೆ ಅನ್ನುವುದು ಎರಿಕ್ ವಾದ. ಪ್ರೀತಿ ಗೀತಿ ಏನಿಲ್ಲ ಅನ್ನುತ್ತಲೇ ಎಲ್ಲಾ ಹೇಳಿಬಿಡುವ ಹಾಡು ಅಲ್ಲಿಂದ ಹುಟ್ಟಿತು. ಇದರಲ್ಲಿ ಅಗಲಿಕೆ ಎಲ್ಲಿದೆ?

ನನ್ನ ಮೆಚ್ಚುಗೆ ಜಾಸ್ತಿ ಕೆವಿನ್ ಗಾಡ್ಲಿಗೆ. ಹಾಡು ಮೊದಲು ಬ್ರೆಜಿಲ್‌ನ ಬೋಸಾ ನೋವಾ ತಾಳದಲ್ಲಿತ್ತು. ಗಾಡ್ಲಿಗೆ ಅದು ಹಿಡಿಸಲೇ ಇಲ್ಲ. ಆ ಟೇಪನ್ನು ಅಳಿಸಿಯೇ ಹಾಕಿದರು. ಸ್ಟುಡಿಯೊ ಕೆಲಸದವರು ಮಾತ್ರ ಆ ರಾಗ ಗುನುಗುವುದು ಬಿಡಲಿಲ್ಲ. ಮತ್ತೆ ಕೈಗೆತ್ತಿಕೊಂಡಾಗ, ಬರೀ ಕಂಠಗಳಲ್ಲೇ ಮಾಡೋಣ ಅಂದಿದ್ದು ಇದೇ ಗಾಡ್ಲಿ. ಟೇಪ್ ಬಳೆಯ ಐಡಿಯಾ ಲೋಲ್ ಕ್ರೀಮ್ ಅವರದು. ಬ್ರಿಟನ್‌ನಲ್ಲಿ ಹಾಡು ಒಂದನೇ ಸ್ಥಾನಕ್ಕೇರಿತು. ಅಮೆರಿಕದಲ್ಲಿ ಎರಡರಲ್ಲೇ ನಿಂತಿತು, ಪಾಪ.

ನಡುವೆ ಪಿಸುಗುಟ್ಟುವ ಹೆಣ್ಣುದನಿ ಸ್ಟುಡಿಯೊದ ರಿಸೆಪ್ಷನಿಸ್ಟ್ ಕ್ಯಾಥಿ ರೆಡ್‌ಫರ್ನ್ ಅವರದು. ತಿದ್ದುಪಡಿ ಹಾಕುವುದಾದರೆ ದಯವಿಟ್ಟು ಈ ಹೆಸರನ್ನೂ ಹಾಕಿ. ಎಫ್‌ಎಂನವರು ಈ ಪತ್ರ ಓದುತ್ತಿದ್ದರೆ, ಕತ್ತರಿಸಿದ ಆವೃತ್ತಿ ಬಿಟ್ಟು ಆರು ನಿಮಿಷದ್ದನ್ನು ಹಾಕಿ.

— ಹಳೇ ಸೌಂಡ್ ಆಪರೇಟರ್, ದಾವಣಗೆರೆ